ಅಪರೂಪವೆಂಬ ಅಳತೆ

52 ಎಲೆಗಳ ಇಸ್ಪೀಟು ಕಟ್ಟಿನಿಂದ ಐದು ಎಲೆಗಳ 25,98,960 ಬಗೆಯ ಕೈಗಳು ಸಾಧ್ಯ. ಪೋಕರ್ ಆಟ ಅವುಗಳಿಗೆ ಅಂತಸ್ತು ಕೊಡುವುದು ಒಂದೇ ಅಳತೆಯಿಂದ: ಅಪರೂಪವಾದದ್ದು ಮೇಲೆ. ಒಂದೇ ಗುರುತಿನ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಸೇರಿದ ರಾಯಲ್ ಫ್ಲಶ್ ನಾಲ್ಕೇ ಬಗೆ, ಅದಕ್ಕೇ ಅಗ್ರಸ್ಥಾನ. ಎರಡು ಜೋಡಿಯ ಕೈಗಳು 1,23,552. ಒಂದೇ ಅಂಕಿಯ ಮೂರು ಎಲೆಗಳ ಕೈಗಳು 54,912. ಆದ್ದರಿಂದ ಮೂರು ಮೇಲು, ಎರಡು ಜೋಡಿ ಕೀಳು.

ಇದರಲ್ಲಿ ಅನ್ಯಾಯವೇನೂ ಕಾಣದು. ಆದರೆ ಬೇಕಾದ ಎಲೆಯಾಗಬಲ್ಲ ಒಂದು ಜೋಕರನ್ನು ಕಟ್ಟಿಗೆ ಸೇರಿಸಿ ನೋಡಿ. ಒಂದು ಜೋಡಿಯ ಜೊತೆ ಜೋಕರ್ ಬಂದರೆ ಅದನ್ನು ಎರಡು ಜೋಡಿಯೆನ್ನಬಹುದು, ಮೂರು ಎಂದೂ ಅನ್ನಬಹುದು. ಎಲ್ಲರೂ ಮೇಲಿನದನ್ನೇ ಆರಿಸುತ್ತಾರೆ. ಆಗ ಮೂರರ ಕೈಗಳು 1,37,280ಕ್ಕೆ ಏರಿ, ಎರಡು ಜೋಡಿಯೇ ಅಪರೂಪವಾಗುತ್ತದೆ. ಸರಿ, ಕ್ರಮ ತಿರುಗಿಸೋಣವೆಂದರೆ ಎಲ್ಲರೂ ಅತ್ತ ವಾಲಿ, ಎರಡು ಜೋಡಿ 2,05,920 ಆಗುತ್ತದೆ. ಯಾವುದನ್ನು ಮೇಲಿಟ್ಟರೂ ಅದೇ ಅಗ್ಗವಾಗುತ್ತದೆ.

ಆಯ್ಕೆಯಿಲ್ಲದ ಕಡೆ ಅಳತೆ ಬರೀ ಅಳತೆ. ಆಯ್ಕೆಯಿದ್ದ ಕಡೆ ಅದೇ ಆಟಕ್ಕಿಳಿಯುತ್ತದೆ. ಮನುಷ್ಯರ ಕೈಯಲ್ಲಿ ಸದಾ ಒಂದು ಜೋಕರ್ ಇರುತ್ತದೆ. ಪ್ರಕಟಿತ ಲೇಖನಗಳ ಎಣಿಕೆಯಿಂದ ವಿದ್ವತ್ತನ್ನು ಅಳೆದರೆ ಒಂದು ಲೇಖನ ಮೂರಾಗುತ್ತದೆ. ವಿದ್ವತ್ತು ಇದ್ದಲ್ಲೇ ಇರುತ್ತದೆ.

ಹಾಗೆಂದು ಶ್ರೇಣಿಯೇ ಬೇಡವೆನ್ನಲಾಗದು. ಜೋಕರ್ ಇದ್ದಾಗಲೂ ಆಟಗಾರರು ಹಳೆಯ ಕ್ರಮದಲ್ಲೇ ಆಡುತ್ತಾರೆ. ಅಲ್ಲಿ ಅದು ಗಣಿತದ ತೀರ್ಪಲ್ಲ, ಕೂತವರ ಒಪ್ಪಂದ. ನಮ್ಮ ಶ್ರೇಣಿಗಳೂ ಒಪ್ಪಂದಗಳೇ. ಹಾಗೆಂದು ಒಪ್ಪಿಕೊಂಡರೆ, ಕೆಳಗೆ ಕೂತವರಿಗೆ ಕಾರಣ ಕೇಳುವ ಹಕ್ಕಾದರೂ ಉಳಿಯುತ್ತದೆ.