ಬಿಸಿ ಎಲ್ಲಿಗೆ ಹೋಯಿತು?

ತಿಕೋಟಾಕ್ಕಾಗಲಿ ಬಬಲೇಶ್ವರಕ್ಕಾಗಲಿ ರೈಲಿಲ್ಲ. ವಿಜಯಪುರ ದಾಟಿ ಆ ಕಡೆ ಹೋದರೆ ಸಿಗುವುದು ದ್ರಾಕ್ಷಿ ತೋಟ, ಅದರ ಬೆನ್ನಿಗೆ ಮಣೂಕ ಒಣಗಿಸುವ ಶೆಡ್ಡು. ದ್ರಾಕ್ಷಿಯನ್ನು ನೆರಳಿನಲ್ಲೇ ಬಲೆಯ ಅಟ್ಟಗಳ ಮೇಲೆ ಹರಡಿರುತ್ತಾರೆ. ಗಾಳಿ ಆಡದಿದ್ದರೆ ಮಾಲು ಕೆಟ್ಟಿತು. ಗಾಳಿಗೆ ದಾರಿ ಬಿಡಬೇಕೆಂದು ಅಲ್ಲಿನ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ವೇಗದ ರೈಲನ್ನು ನಿಲ್ಲಿಸುವ ಎಂಜಿನಿಯರನ ಚಿಂತೆಯೂ ಅದೇ.

400 ಟನ್ನಿನ ಗಾಡಿಯೊಂದು ಗಂಟೆಗೆ 160 ಕಿ.ಮೀ. ಓಡುತ್ತಿದೆ ಎನ್ನೋಣ. ಆ ಓಟದಲ್ಲಿ ಸುಮಾರು 110 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿಯಿದೆ. ಬ್ರೇಕ್ ಹಾಕಿದರೆ ಅದು ಮಾಯವಾಗುವುದಿಲ್ಲ. ವಂದೇ ಭಾರತ್‌ನಂಥ ಗಾಡಿಗಳಲ್ಲಿ ಎಳೆಯುವ ಮೋಟಾರೇ ಆಗ ಜನರೇಟರ್ ಆಗಿ, ಕರೆಂಟನ್ನು ಮೇಲಿನ ತಂತಿಗೆ ಮರಳಿಸುತ್ತದೆ. ಡೀಸೆಲ್ ಎಂಜಿನ್ನಿಗೆ ತಂತಿಯಿಲ್ಲ. ಅದು ರೆಸಿಸ್ಟರ್ ಪಟ್ಟಿಗಳನ್ನು ಕಾಯಿಸಿ, ಬ್ಲೋವರ್ ಹಾಕಿ ಬಿಸಿಯನ್ನು ಹೊರಗೆ ಊದುತ್ತದೆ. ಕ್ಯಾಸಲ್‌ರಾಕ್ ಘಾಟಿನ 37ಕ್ಕೆ 1ರ ಇಳಿಜಾರಿನಲ್ಲಿ ಇಂಥ ಬ್ರೇಕನ್ನೂ ನಂಬಿ ಡೀಸೆಲ್ ಗಾಡಿಗಳು ಇಳಿದಿವೆ. 2024ರಲ್ಲಿ ಬೆಂಗಳೂರಿನ ಬಿಇಎಂಎಲ್‌ಗೆ 280 ಕಿ.ಮೀ. ವೇಗದ ರೈಲು ಕಟ್ಟುವ ಗುತ್ತಿಗೆ ಸಿಕ್ಕಿತು. ತೂಕ ಅಷ್ಟೇ ಇದ್ದರೂ ಆ ವೇಗದಲ್ಲಿ ಶಕ್ತಿ ಮೂರು ಪಟ್ಟು.

ರೆಸಿಸ್ಟರ್ ಪಟ್ಟಿ ನೂರಾರು ಡಿಗ್ರಿ ತಾಳುತ್ತದೆ. ಆದರೆ ಮೋಟಾರಿನ ಕರೆಂಟನ್ನು ಪಳಗಿಸುವ ಅರೆವಾಹಕ ಸ್ವಿಚ್ಚಿನ ತಾಳಿಕೆ ಸುಮಾರು 150 ಡಿಗ್ರಿಗೇ ಮುಗಿಯುತ್ತದೆ. ಅದನ್ನು ತಣಿಸಬೇಕಾದ ನಮ್ಮ ಬೇಸಿಗೆಯ ಗಾಳಿ ತಾನೇ 40 ಡಿಗ್ರಿ ದಾಟಿರುತ್ತದೆ. ಅದರ ಮೇಲೆ ಎರೆಮಣ್ಣಿನ ಧೂಳು ಗಾಳಿ ಒಳಬರುವ ಜಾಳಿಗೆಯಲ್ಲಿ ಕೂತರೆ ಗಾಳಿಯ ದಾರಿಯೂ ಮುಚ್ಚಿತು.

ನಾವು ಗಾಡಿಗೆ ನಿಂಬೆಹಣ್ಣು ಕಟ್ಟುತ್ತೇವೆ, ಆಯುಧಪೂಜೆಗೆ ಕುಂಬಳಕಾಯಿ ಒಡೆಯುತ್ತೇವೆ. ಅದರ ಹಿಂದಿನ ಭಯವನ್ನು ನಾನು ಅಣಕಿಸುವುದಿಲ್ಲ. ಆದರೆ ಜಾಳಿಗೆ ತೊಳೆಯಲು ಒಬ್ಬ ಆಳು, ಒಂದು ತಾಸು ಕೊಡದೆ, ಅವಘಡವಾದ ಮೇಲೆ ಹಣೆಬರಹ ಎಂದರೆ ಅದು ಭಕ್ತಿಯ ಹೆಸರಿನ ಮೈಗಳ್ಳತನ. ಇನ್ನೊಂದು ಲೆಕ್ಕವೂ ಬಾಕಿ ಇದೆ. ನಮ್ಮ ಎಸಿ ಬೋಗಿ ಹೊರಗೆ ಊದಿದ ಬಿಸಿ, ಹಳಿಯ ಪಕ್ಕ ಸರಿದು ನಿಂತ ಗ್ಯಾಂಗ್‌ಮನ್‌ನ ಸುತ್ತಲಿನ ಗಾಳಿಗೇ ಸೇರುತ್ತದೆ. ಒಬ್ಬರ ತಂಪು ಯಾರ ಬಿಸಿಯಾಯಿತು ಎಂದು ಕೇಳದ ಜಾಣತನ ಅರ್ಧ ಜಾಣತನ.

ಕುಂಬಳಕಾಯಿ ಒಡೆಯುವವರು ಒಡೆಯಲಿ. ಅದಕ್ಕೂ ಮೊದಲು ಜಾಳಿಗೆಯ ಧೂಳು ಕೊಡವಿರಲಿ. ಕೊಡವಿದವನಿಗೆ ನೆರಳು, ನೀರು, ಪೂರ್ತಿ ಕೂಲಿ ಸಿಕ್ಕಿರಲಿ.