ಮುಸ್ಸಂಜೆಯ ಗೂಬೆ ಮತ್ತು ನಮ್ಮ ಕ್ಯಾಮೆರಾ



ಹೊತ್ತು ಮುಳುಗಿದ ಮೇಲೆ ಊರ ಹೊರಗಿನ ಹಳೆಯ ಹುಣಸೆ ಮರದತ್ತ ನೋಡಿ. ಪೊಟರೆಯ ಬಾಯಲ್ಲಿ ಗೇಣುದ್ದದ ಹಕ್ಕಿಯೊಂದು ಬಂದು ಕೂರಬಹುದು. ಕಂದು ಮೈ, ಬಿಳಿ ಚುಕ್ಕೆ, ಹಳದಿ ಕಣ್ಣು. ಬುಡುಬುಡಿಕೆಯವರು ಶಕುನ ಹೇಳುವಾಗ ಹೆಸರಿಸುವ ಹಾಲಕ್ಕಿ ಇದೇ, ಗೂಬೆಯ ಜಾತಿಯದು. ಗೂಬೆ ಕೂಗಿದರೆ ಅಪಶಕುನವೆಂದು ಕಲ್ಲೆಸೆದು ಓಡಿಸುತ್ತಿದ್ದ ಕಾಲವಿತ್ತು. ಇಂದು ನಮ್ಮ ಮಕ್ಕಳು ಅದರ ಫೋಟೊ ತೆಗೆಯಲು ಹೋಗುತ್ತಾರೆ. ಸಂತೋಷದ ಬದಲಾವಣೆಯೇ. ಆದರೆ ಕಲ್ಲು ಬಿಟ್ಟು ಕ್ಯಾಮೆರಾ ಹಿಡಿದ ಮಾತ್ರಕ್ಕೆ ನಮ್ಮ ಕೈ ನಿರ್ದೋಷಿಯಾಯಿತೇ?

ಮುಸ್ಸಂಜೆ ನಮಗೆ ದುಡಿಮೆ ಮುಗಿಸುವ ಹೊತ್ತು, ಹಾಲಕ್ಕಿಗೆ ದುಡಿಮೆ ಆರಂಭಿಸುವ ಹೊತ್ತು. ಹುಳು, ಹಲ್ಲಿ, ಇಲಿಮರಿಗಳನ್ನು ಹಿಡಿದು ತನ್ನ ಮರಿಗಳಿಗೆ ಉಣಿಸಬೇಕು. ಬೆಳಕು ಸಾಲದೆಂದು ಟಾರ್ಚು ಬಿಟ್ಟರೆ ಕತ್ತಲೆಗೆ ಒಗ್ಗಿದ ಅದರ ಕಣ್ಣು ಕೋರೈಸುತ್ತದೆ. ಮೊಬೈಲಿನಲ್ಲಿ ಅದರ ಜಾತಿಯ ಕೂಗು ಹಾಕಿದರೆ, ತನ್ನ ನೆಲೆಗೆ ಬೇರೊಂದು ನುಗ್ಗಿತೆಂದು ಬೇಟೆ ಬಿಟ್ಟು ಬರುತ್ತದೆ. ನಾವು ಪೊಟರೆಯ ಬುಡದಲ್ಲೇ ನಿಂತರೆ ತಾಯಿ ಒಳಗೆ ಹೋಗಲು ಅಂಜುತ್ತದೆ. ಚಿತ್ರವೇನೋ ಚೆನ್ನಾಗಿ ಬರುತ್ತದೆ, ಮರಿಗಳು ಹಸಿದಿರುತ್ತವೆ. ಇಷ್ಟೇ ಅಲ್ಲ. ಮಾಟಮಂತ್ರಕ್ಕಾಗಿ ನಮ್ಮ ದೇಶದಲ್ಲಿ ಗೂಬೆಗಳನ್ನು ಹಿಡಿದು ಮಾರುವುದನ್ನು 2010ರಲ್ಲಿ ಟ್ರಾಫಿಕ್ ಸಂಸ್ಥೆಯ ವರದಿ ಬಯಲಿಗೆ ತಂದಿತು. ಚಿತ್ರದ ಜೊತೆಗೆ ಊರಿನ, ಮರದ ಗುರುತನ್ನೂ ಹತ್ತು ಜನರಿಗೆ ಕಳಿಸಿದರೆ ಹಿಡಿಯುವವನಿಗೂ ದಾರಿ ತೋರಿಸಿದಂತೆ.

"ಅದೊಂದು ಹಕ್ಕಿ ತಾನೇ, ಇದರಲ್ಲಿ ತಪ್ಪೇನು ಸ್ವಾಮಿ?" ಎಂದು ನೀವು ಕೇಳಬಹುದು. ಪ್ರಾಣಿಗಳ ಮೇಲಿನ ಕ್ರೌರ್ಯ ಮನುಷ್ಯರ ಮೇಲಿನ ಕ್ರೌರ್ಯಕ್ಕೆ ದಾರಿಯಾಗುತ್ತದೆಂದು 13ನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಮಾತು ನಿಜ. ಆದರೆ ಫೋಟೊ ತೆಗೆಯುವವನಲ್ಲಿ ಕ್ರೌರ್ಯವಿಲ್ಲ, ಹಕ್ಕಿಯ ಮೇಲೆ ಪ್ರೀತಿಯೇ ಇದೆ. ಪ್ರೀತಿಯಿಂದಲೇ ತೊಂದರೆ ಕೊಡುವವನಿಗೆ ಏನು ಹೇಳೋಣ? ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ಪರಿಪತ್ರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಮನುಷ್ಯನಿಗೆ ಉಪಯೋಗವಿರಲಿ, ಇಲ್ಲದಿರಲಿ, ಪ್ರತಿ ಜೀವಿಗೂ ತನ್ನದೇ ಬೆಲೆಯಿದೆ. ಹಾಗಾದರೆ ಹಾಲಕ್ಕಿ ಇರುವುದು ನಮಗೆ ಕಾಣಿಸಿಕೊಳ್ಳಲೆಂದಲ್ಲ. ನಾವು ನೋಡದಿದ್ದರೂ ಅದರ ಸೃಷ್ಟಿಕರ್ತನು ಅದನ್ನು ನೋಡುತ್ತಾನೆ.

ಪ್ರೀತಿಯೆಂದರೆ ಹತ್ತಿರ ಹೋಗುವುದು ಎಂದುಕೊಂಡಿದ್ದೇವೆ. ಮಗು ನಿದ್ರಿಸುತ್ತಿದ್ದರೆ ತಾಯಿ ಬಾಗಿಲಲ್ಲೇ ನಿಂತು ನೋಡಿ ಸದ್ದಿಲ್ಲದೆ ಹಿಂದಿರುಗುತ್ತಾಳಲ್ಲ, ಅದೂ ಪ್ರೀತಿಯೇ.

ತಂದೆತಾಯಂದಿರೇ, ಮಕ್ಕಳ ಕೈಯಿಂದ ಕ್ಯಾಮೆರಾ ಕಸಿಯಬೇಡಿ, ಅವರ ಜೊತೆಗೆ ನೀವೂ ಹೋಗಿ. ದೂರದಲ್ಲಿ ಸುಮ್ಮನೆ ಕೂತು, ಸಂಜೆಯ ಬೆಳಕು ಇರುವಷ್ಟು ಹೊತ್ತು ನೋಡಿ. ಹಾಲಕ್ಕಿ ನಿಮ್ಮನ್ನೇ ದಿಟ್ಟಿಸುತ್ತ ತಲೆಯನ್ನು ಮೇಲೆ ಕೆಳಗೆ ಕುಣಿಸತೊಡಗಿದರೆ ಅದಕ್ಕೆ ಕಸಿವಿಸಿಯಾಗಿದೆ ಎಂದು ತಿಳಿದು ಹಿಂದೆ ಸರಿಯಿರಿ. ಅಂದು ಒಂದು ಚಿತ್ರವೂ ಸಿಗದೆ ಮನೆಗೆ ಬಂದರೂ ಚಿಂತೆಯಿಲ್ಲ. ಬೇಕೆನಿಸಿದ್ದನ್ನು ಇನ್ನೊಂದು ಜೀವಕ್ಕಾಗಿ ಬಿಟ್ಟು ಬರಲು ಕಲಿತ ಮಗು ನಾಳೆ ಮನೆಯಲ್ಲೂ ನೆರೆಯಲ್ಲೂ ಹಾಗೆಯೇ ನಡೆದೀತು.