ಕಾಣದ ಬೆಸುಗೆಯ ಕಾಯಕ

ಕೆಲಸದಲ್ಲಿ ಧರ್ಮದ ಪರೀಕ್ಷೆ ನಡೆಯುವುದು ಗಿರಾಕಿಗೆ ಕಾಣದ ಜಾಗದಲ್ಲಿ. ಕಿಬ್ಬನಹಳ್ಳಿಯ ತೆಂಗಿನ ಸೀಮೆಯಲ್ಲಿ ಟ್ರೇಲರಿನ ಕೊಂಡಿ ಮುರಿದರೆ 6013 ಎಂಬ ಬೆಸುಗೆ ರಾಡಿನಲ್ಲೂ ಬೆಸೆಯಬಹುದು, 7018ರಲ್ಲೂ ಬೆಸೆಯಬಹುದು. ರೈತನ ಕಣ್ಣಿಗೆ ಎರಡೂ ಒಂದೇ. ರಾಡಿನ ಸಂಖ್ಯೆಯ ಮೊದಲೆರಡು ಅಂಕಿ ಬೆಸುಗೆಯ ಬಲ ಹೇಳುತ್ತವೆ: ಚದರ ಇಂಚಿಗೆ 60 ಸಾವಿರ, 70 ಸಾವಿರ ಪೌಂಡ್. ಆದರೆ 7018ರ ಲೇಪ ತೇವ ಹೀರಿದ್ದರೆ ಹೈಡ್ರೋಜನ್ ಲೋಹಕ್ಕಿಳಿದು, ಬೆಸುಗೆ ಆರಿ ಗಂಟೆಗಳಾದ ಮೇಲೂ ಬಿರುಕು ಬಿಡಬಹುದು. ಬೀಡು ಕಬ್ಬಿಣಕ್ಕೆ ಸಾದಾ ರಾಡು ಹಾಕಿದರೆ ಬೆಸುಗೆ ಇಂಗಾಲ ಹೀರಿ ಗಡುಸಾಗಿ ಸೀಳುತ್ತದೆ; ಅಲ್ಲಿ ನಿಕಲ್ ರಾಡೇ ಸರಿ.

ದುಬಾರಿ ರಾಡಿಗೆ ರೈತನ ಹತ್ತಿರ ದುಡ್ಡೆಲ್ಲಿದೆ ಎಂಬ ಆಕ್ಷೇಪ ನ್ಯಾಯವೇ. ಅಗ್ಗದ ಬೆಸುಗೆ ಹಾಕುವುದರಲ್ಲಿ ತಪ್ಪಿಲ್ಲ, ಅದನ್ನು ಮುಚ್ಚಿಡುವುದು ತಪ್ಪು. ಹೇಳಿಬಿಟ್ಟರೆ ಆಯ್ಕೆ ಅವನದಾಗುತ್ತದೆ. ಆದರೆ ಹೇಳಬೇಕಾದರೆ ಮೊದಲು ತಿಳಿದಿರಬೇಕು. 12ನೇ ಶತಮಾನದ ಶರಣರು ಕಾಯಕಕ್ಕೆ ಪೂಜೆಯ ಸ್ಥಾನ ಕೊಟ್ಟರು. ರಾಡು ಗುರುತಿಸುವ ಅರಿವಿಲ್ಲದೆ ಬೆಸುಗೆಗಾರನ ಆ ಪೂಜೆ ಪೂರ್ತಿಯಾಗದು.